ಭಾವನ ದೋಟಿಯೂ ರೇಡಿಯನ್ ಲೆಕ್ಕವೂ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಮಕ್ಕಳು, ಅಧ್ಯಾಪಕರು ಮತ್ತು ಕೆಲವು ಕೃಷಿಕರ ಮುಂದೆ ಆಡಿದ ಮಾತು. ಬರೆಯುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ. ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಸೂತ್ರಗಳನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿಗೆ ಹಾಕುವಾಗ ಇಂಗ್ಲಿಷ್ ಅಕ್ಷರವೇ ಬೇಕು.)

ಎಲ್ಲರಿಗೂ ನಮಸ್ಕಾರ.

ಗಣಿತದ ಮಾತು ಅಂತ ಕೇಳಿ ಹಿಂದಿನ ಸಾಲಿನವರು ಆಗಲೇ ಬಾಗಿಲು ನೋಡುತ್ತಿದ್ದೀರಿ. ಸ್ವಲ್ಪ ಕೂತುಕೊಳ್ಳಿ. ನಾನು ಶುರು ಮಾಡುವುದು ಅಡಿಕೆ ತೋಟದಿಂದ.

ನನ್ನ ಭಾವ ಒಂದು ಸಲ ಕಾರ್ಬನ್ ಫೈಬರ್ ದೋಟಿ ತೆಗೆದುಕೊಳ್ಳಲು ಹೊರಟರು. ಮದ್ದು ಬಿಡುವುದಕ್ಕೂ ಆಗಬೇಕು, ಕೊಯ್ಲಿಗೂ ಆಗಬೇಕು. ಮರ ಹತ್ತುವವರು ಸಿಗುವುದಿಲ್ಲ, ಸಿಕ್ಕಿದರೂ ಮಳೆ ಶುರುವಾಗುವ ಮೊದಲು ಸಿಗುವುದಿಲ್ಲ. ಕೊಳೆರೋಗ ಯಾರಿಗಾಗಿಯೂ ಕಾಯುವುದಿಲ್ಲ. ದೋಟಿಯಾದರೋ ಉದ್ದ ಹೆಚ್ಚಾದ ಹಾಗೆ ಕ್ರಯವೂ ಜಾಸ್ತಿ, ಭಾರವೂ ಜಾಸ್ತಿ, ತುದಿಯ ಬಳುಕೂ ಜಾಸ್ತಿ. ಹಾಗಾಗಿ ಎಷ್ಟು ಅಡಿಯದ್ದು ಬೇಕು ಅಂತ ಮೊದಲು ಗೊತ್ತಾಗಬೇಕು. "ನೀನು ಕಂಪ್ಯೂಟರಿನವ ಅಲ್ವಾ, ಮರ ಅಳೆದು ಕೊಡು" ಅಂದರು.

ಅಳೆಯುವುದು ಕಷ್ಟವಲ್ಲ. ಶಾಲೆಯ ಕೋನಮಾಪಕ, ಅದರ ನಡುವಿಗೆ ಒಂದು ದಾರ, ದಾರದ ತುದಿಗೆ ಒಂದು ಕಲ್ಲು. ನೋಡುವುದಕ್ಕೆ ಬಪ್ಪಂಗಾಯಿ ಎಲೆಯ ದಂಟು, ಅದು ಒಳಗೆ ಟೊಳ್ಳು. ಮರದ ಬುಡದಿಂದ 12 ಮೀಟರ್ ದೂರ ನಿಂತು ದಂಟಿನ ತೂತಿನಲ್ಲಿ ಮರದ ತುದಿ ನೋಡಬೇಕು. ದಾರ 90ರ ಗೆರೆಯಿಂದ ಎಷ್ಟು ಸರಿಯಿತೋ ಅಷ್ಟೇ ಕೋನ. ಆಮೇಲೆ ಹತ್ತನೇ ಕ್ಲಾಸಿನ ಲೆಕ್ಕ: ದೂರಕ್ಕೆ ಕೋನದ ಟ್ಯಾನ್ ಗುಣಿಸಿ, ಕಣ್ಣಿನ ಎತ್ತರ 1.5 ಮೀಟರ್ ಕೂಡಿಸಿ. ನಾನು ಹತ್ತು ಮರ ಅಳೆದೆ, ಮನೆಗೆ ಬಂದು ಕಂಪ್ಯೂಟರಿನ ಲೆಕ್ಕದ ಶೀಟಿನಲ್ಲಿ ಹಾಕಿದೆ. =12*ಟ್ಯಾನ್(ಎ2)+1.5. ಎ2 ಅಂದರೆ ಕೋನ ಬರೆದ ಚೌಕ. ಕೆಳಗೆ ಎಳೆದೆ. ಮುಗಿಯಿತು.

50 ಡಿಗ್ರಿಯ ಮರಕ್ಕೆ ಬಂದ ಎತ್ತರ ಮೈನಸ್ 1.76 ಮೀಟರ್. ಅಂದರೆ ಮರ ಭೂಮಿಯೊಳಗೆ ಬೆಳೆದಿದೆ. ನನಗೆ ನಗು ಬಂತು. ಎಲ್ಲೋ ಟೈಪ್ ಮಾಡುವಾಗ ತಪ್ಪಿರಬೇಕು ಅಂತ ಆ ಸಾಲನ್ನೇ ಅಳಿಸಿಬಿಟ್ಟೆ. ನೋಡಿ, ಇವತ್ತಿನ ಮಾತೆಲ್ಲ ಈ ಅಳಿಸಿದ್ದರ ಬಗ್ಗೆಯೇ. ಯಾಕೆಂದರೆ 48 ಡಿಗ್ರಿಯ ಮರಕ್ಕೆ 15.9 ಮೀಟರ್ ಬಂದಿತ್ತು. ಅಡಿಕೆ ಮರ ಅಷ್ಟಿರುತ್ತದೆ, ಸರಿ. 45 ಡಿಗ್ರಿಯದ್ದಕ್ಕೆ 20.9 ಬಂದಿತ್ತು. ಸ್ವಲ್ಪ ಎತ್ತರದ ಮರ, ಇರಬಹುದು. ಅವೆರಡನ್ನೂ ನಂಬಿದೆ. 20.9 ಮೀಟರ್ ಅಂದರೆ ಹತ್ತಿರ ಹತ್ತಿರ 69 ಅಡಿ. ಭಾವನಿಗೆ ಫೋನ್ ಮಾಡಿ 70 ಅಡಿಯ ದೋಟಿಯೇ ಬೇಕು ಅಂದೆ.

ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೇಳಿದರು: "ನಮ್ಮ ತೋಟದಲ್ಲಿ 70 ಅಡಿಯ ಅಡಿಕೆ ಮರ ಉಂಟಾ ಭಾವಾ? ನಾನು ಕಾಣದ್ದು?"

45 ಡಿಗ್ರಿ ಅಂದರೆ ಟ್ಯಾನ್ ಬೆಲೆ 1. ಇದು ಇಲ್ಲಿ ಕೂತ ಹತ್ತನೇ ಕ್ಲಾಸಿನವರಿಗೆಲ್ಲ ಬಾಯಿಪಾಠ. 12 ಮೀಟರ್ ದೂರ ನಿಂತರೆ ಎತ್ತರವೂ 12, ಕಣ್ಣಿನದ್ದು ಸೇರಿಸಿ 13.5. 44 ಅಡಿ, ಅಷ್ಟೇ. 48 ಡಿಗ್ರಿಯ ಮರ 14.8 ಮೀಟರ್. ಅಳಿಸಿ ಹಾಕಿದ 50 ಡಿಗ್ರಿಯ ಮರವೇ ನಿಜಕ್ಕೂ ಎಲ್ಲಕ್ಕಿಂತ ಎತ್ತರದ್ದು: 15.8 ಮೀಟರ್, 52 ಅಡಿ. ನಾನು ಬಿಸಾಡಿದ ಸಾಲೇ ನನಗೆ ಸತ್ಯ ಹೇಳಲು ನೋಡಿತ್ತು. ಉಳಿದ ಸಾಲುಗಳು ಸಭ್ಯ ಮುಖ ಮಾಡಿಕೊಂಡು ಸುಳ್ಳು ಹೇಳುತ್ತಿದ್ದವು.

ಆದದ್ದೇನು? ನಾನು ಕೊಟ್ಟದ್ದು ಡಿಗ್ರಿ, ಶೀಟ್ ತಿಳಿದುಕೊಂಡದ್ದು ರೇಡಿಯನ್. ಎಕ್ಸೆಲ್ ಇರಲಿ, ಗೂಗಲ್ ಶೀಟ್ಸ್ ಇರಲಿ, ನಮ್ಮ ಶಾಲೆಗಳಲ್ಲಿ ಕಲಿಸುವ ಲಿಬ್ರೆ ಆಫೀಸ್ ಕ್ಯಾಲ್ಕ್ ಇರಲಿ, ಸೈನ್, ಕಾಸ್, ಟ್ಯಾನ್ ಎಲ್ಲಕ್ಕೂ ರೇಡಿಯನ್ ಬೇಕು. ಡಿಗ್ರಿ ಕೊಟ್ಟರೆ ತಪ್ಪು ಅಂತ ಹೇಳುವುದಿಲ್ಲ. ಕೆಂಪು ಗೆರೆ ಬರುವುದಿಲ್ಲ. 45 ಅಂದರೆ 45 ರೇಡಿಯನ್ ಅಂತ ತೆಗೆದುಕೊಂಡು, ವೃತ್ತವನ್ನು ಏಳು ಸುತ್ತು ಸುತ್ತಿ, ಎಲ್ಲಿ ನಿಂತಿತೋ ಅಲ್ಲಿನ ಟ್ಯಾನ್ ಕೊಡುತ್ತದೆ. ಕ್ಯಾಲ್ಕುಲೇಟರಿನಲ್ಲಾದರೆ ಮೂಲೆಯಲ್ಲಿ ಡಿಗ್ರಿ ಅಥವಾ ರೇಡಿಯನ್ ಅಂತ ಸಣ್ಣ ಗುರುತಾದರೂ ಇರುತ್ತದೆ. ಶೀಟಿನಲ್ಲಿ ಅದೂ ಇಲ್ಲ.

ಈಗ ರೇಡಿಯನ್ ಅಂದರೆ ಏನು ಅಂತ ನೋಡುವ. ಪ್ಲಸ್ ವನ್ನಿನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಇದನ್ನು ಒಂದು ಸೂತ್ರವಾಗಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಆಗ ಅರ್ಥವಾಗಿರಲಿಲ್ಲ. ಅರ್ಥವಾದದ್ದು ಗೂಟಕ್ಕೆ ಕಟ್ಟಿದ ದನ ನೋಡಿದಾಗ.

ಗದ್ದೆಯಲ್ಲಿ ಒಂದು ಗೂಟ, 6 ಮೀಟರಿನ ಹಗ್ಗ, ತುದಿಯಲ್ಲಿ ದನ. ಹಗ್ಗ ಬಿಗಿದುಕೊಂಡೇ ಅಂಚಿನಲ್ಲಿ ಹುಲ್ಲು ಮೇಯುತ್ತ ಹೋಗುತ್ತದೆ. ಅದು ಅಂಚಿನಲ್ಲಿ 6 ಮೀಟರ್ ನಡೆಯಿತು, ಅಂದರೆ ಹಗ್ಗದಷ್ಟೇ ನಡೆಯಿತು ಅಂತ ಇಟ್ಟುಕೊಳ್ಳಿ. ಆಗ ಹಗ್ಗ ತಿರುಗಿದ ಕೋನ 1 ರೇಡಿಯನ್. 9 ಮೀಟರ್ ನಡೆದರೆ ಒಂದೂವರೆ ರೇಡಿಯನ್. ಹಗ್ಗ 10 ಮೀಟರಿನದ್ದಾದರೆ 10 ಮೀಟರ್ ನಡೆದಾಗ 1 ರೇಡಿಯನ್. ನಡೆದ ದೂರಕ್ಕೆ ಹಗ್ಗದ ಉದ್ದ ಭಾಗಿಸಿ, ಮುಗಿಯಿತು. ಇದರಲ್ಲಿ 360 ಎಲ್ಲಿಯೂ ಬರಲಿಲ್ಲ ಅಂತ ಗಮನಿಸಿ. 360 ಬಾಬಿಲೋನಿನವರ ಅರವತ್ತರ ಲೆಕ್ಕದಿಂದ ಬಂದದ್ದು, ಮನುಷ್ಯರ ಅನುಕೂಲಕ್ಕೆ. ಹಗ್ಗ ಮತ್ತು ದನಕ್ಕೆ ಅದರ ಹಂಗಿಲ್ಲ.

ಮಕ್ಕಳು ಮನೆಯಲ್ಲಿ ಮಾಡಿ ನೋಡಬಹುದು. ಒಂದು ಹರಿವಾಣವನ್ನು ಕಾಗದದ ಮೇಲೆ ಕವುಚಿ ಹಾಕಿ ಸುತ್ತ ಗೆರೆ ಎಳೆಯಿರಿ. ಕಾಗದವನ್ನು ಎರಡು ಸಲ ಮಡಚಿ ನಡು ಹುಡುಕಿ. ನಡುವಿನಿಂದ ಅಂಚಿಗೆ ಎಷ್ಟೋ ಅಷ್ಟುದ್ದದ ಬಾಳೆನಾರು ಕತ್ತರಿಸಿ, ಅದನ್ನು ಅಂಚಿನ ಗೆರೆಯ ಮೇಲೆ ಬಗ್ಗಿಸಿ ಇಡುತ್ತ ಹೋಗಿ. ಅರ್ಧ ಸುತ್ತಿಗೆ ಮೂರು ನಾರು ಹಿಡಿಯುತ್ತದೆ, ಸ್ವಲ್ಪ ಜಾಗ ಉಳಿಯುತ್ತದೆ. ಆ ಮೂರು ಚಿಲ್ಲರೆಯೇ ಪೈ, 3.14159. ಅಲ್ಲಿಗೆ ಅರ್ಧ ಸುತ್ತು 180 ಡಿಗ್ರಿಯೂ ಹೌದು, ಪೈ ರೇಡಿಯನ್ನೂ ಹೌದು. ನೆನಪಿಡಬೇಕಾದದ್ದು ಇದೊಂದೇ. ಡಿಗ್ರಿಯನ್ನು 180ರಿಂದ ಭಾಗಿಸಿ ಪೈಯಿಂದ ಗುಣಿಸಿದರೆ ರೇಡಿಯನ್. ತಿರುಗಿಸಿ ಮಾಡಿದರೆ ಡಿಗ್ರಿ. 1 ರೇಡಿಯನ್ ಅಂದರೆ 57.3 ಡಿಗ್ರಿ, 1 ಡಿಗ್ರಿ ಅಂದರೆ 0.01745 ರೇಡಿಯನ್.

ರೇಡಿಯನ್ ಎಂಬ ಹೆಸರು ಈಚಿನದು. ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ ಜೇಮ್ಸ್ ಥಾಮ್ಸನ್ ಎಂಬವರು 1873ರ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸಿದರು. ಪ್ರಶ್ನೆಪತ್ರಿಕೆಯಲ್ಲಿ ಹುಟ್ಟಿದ ಶಬ್ದ, ಹಾಗಾಗಿ ಮಕ್ಕಳಿಗೆ ಇನ್ನೂ ಹೆದರಿಕೆ ಇದ್ದರೆ ಆಶ್ಚರ್ಯವಿಲ್ಲ. ಆದರೆ ವಿಚಾರ ಹಳೆಯದು, ಅದೂ ನಮ್ಮ ಕಡೆಯದ್ದೇ. ಪಂಚಾಂಗ ನೋಡುವವರಿಗೆ ಕಲೆ, ವಿಕಲೆ ಗೊತ್ತು. ಒಂದು ಅಂಶಕ್ಕೆ, ಅಂದರೆ ಡಿಗ್ರಿಗೆ, 60 ಕಲೆ, ಒಂದು ಕಲೆಗೆ 60 ವಿಕಲೆ, ಪೂರ್ತಿ ಸುತ್ತಿಗೆ 21,600 ಕಲೆ. 499ರ ಹೊತ್ತಿಗೆ ಆರ್ಯಭಟ ಜ್ಯಾ ಪಟ್ಟಿ, ಅಂದರೆ ಸೈನಿನ ಪಟ್ಟಿ, ಮಾಡಿದಾಗ ವೃತ್ತದ ಸುತ್ತನ್ನು ಕಲೆಯಲ್ಲಿ ಅಳೆದ, ತ್ರಿಜ್ಯವನ್ನೂ ಅದೇ ಕಲೆಯಲ್ಲಿ ಅಳೆದ. ತ್ರಿಜ್ಯ ಎಷ್ಟಾಯಿತು? 3438. ಈಗ 3438 ಕಲೆಯನ್ನು 60ರಿಂದ ಭಾಗಿಸಿ ನೋಡಿ. 57.3 ಡಿಗ್ರಿ. ನಮ್ಮ ಬಾಳೆನಾರು! ಅವನ ಪಟ್ಟಿಯಲ್ಲಿ 30 ಡಿಗ್ರಿಗೆ 1719 ಅಂತ ಇದೆ, ಸರಿಯಾಗಿ 3438ರ ಅರ್ಧ.

ಅದಾಗಿ ಎಂಟುನೂರು ಒಂಬೈನೂರು ವರ್ಷದ ಮೇಲೆ ಇದೇ ಕೇರಳದಲ್ಲಿ, ಸಂಗಮಗ್ರಾಮದ ಮಾಧವ ಅದನ್ನು ಇನ್ನೂ ಸೂಕ್ಷ್ಮ ಮಾಡಿದ. ಅವನ ತ್ರಿಜ್ಯ, ಅಕ್ಷರಗಳಲ್ಲಿ ಅಂಕಿ ಅಡಗಿಸುವ ಕಟಪಯಾದಿಯಲ್ಲಿ, "ದೇವೋ ವಿಶ್ವಸ್ಥಲೀ ಭೃಗುಃ". ದೇ 8, ವೋ 4, ವಿ 4, ಶ್ವ 4, ಸ್ಥ 7, ಲೀ 3, ಭೃ 4, ಗು 3. ಬಲದಿಂದ ಎಡಕ್ಕೆ ಓದಿ: 3437 ಕಲೆ, 44 ವಿಕಲೆ, ಅದರ ಮೇಲೆ ವಿಕಲೆಯ ಅರವತ್ತನೇ ಪಾಲುಗಳು 48. ಅಂದರೆ 3437.7467 ಕಲೆ. ಇವತ್ತಿನ ಕಂಪ್ಯೂಟರ್ ಹೇಳುವುದು 3437.7468. ದಶಮಾಂಶದ ನಾಲ್ಕನೇ ಸ್ಥಾನದಲ್ಲಿ ಒಂದರ ವ್ಯತ್ಯಾಸ. ಆ ಶ್ಲೋಕದ ತುಂಡನ್ನು ಮೊದಲ ಸಲ ಬಿಡಿಸಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸುಮ್ನೆ ಹೇಳುತ್ತಿಲ್ಲ.

ಇನ್ನು, ಕಂಪ್ಯೂಟರ್ ರೇಡಿಯನ್ನಿಗೇ ಯಾಕೆ ಅಂಟಿಕೊಂಡಿದೆ? ರೇಡಿಯನ್ನಿನಲ್ಲಿ ಸಣ್ಣ ಕೋನದ ಸೈನ್ ಅಂದರೆ ಬಹುಮಟ್ಟಿಗೆ ಆ ಕೋನವೇ. 0.1ರ ಸೈನ್ 0.0998. ದೊಡ್ಡ ಕೋನವಾದರೆ ಅದರ ಘನವನ್ನು 6ರಿಂದ ಭಾಗಿಸಿ ಕಳೆಯಬೇಕು, ಐದನೇ ಘಾತವನ್ನು 120ರಿಂದ ಭಾಗಿಸಿ ಕೂಡಿಸಬೇಕು, ಹೀಗೆ ಮುಂದುವರಿಯುತ್ತದೆ. ಈ ಸರಣಿಯೂ ಮಾಧವನ ಪರಂಪರೆಯವರಿಗೆ ಗೊತ್ತಿತ್ತು. ಡಿಗ್ರಿಯಲ್ಲಿ ಮಾಡಲು ಹೊರಟರೆ ಪ್ರತಿ ಹೆಜ್ಜೆಗೂ 0.01745 ಅಡ್ಡ ಬರುತ್ತದೆ. ಹಾಗಾಗಿ ಯಂತ್ರಕ್ಕೆ ರೇಡಿಯನ್, ಮನುಷ್ಯರಿಗೆ ಡಿಗ್ರಿ. ಇಬ್ಬರ ನಡುವೆ ಒಬ್ಬ ದುಭಾಷಿ ಬೇಕು.

ಆ ದುಭಾಷಿಗಳು ಎರಡು ಸೂತ್ರ. ಒಂದರ ಹೆಸರು ರೇಡಿಯನ್ಸ್, ಇನ್ನೊಂದರದ್ದು ಡಿಗ್ರೀಸ್. ರೇಡಿಯನ್ಸ್(180) ಅಂದರೆ 3.14159. ಡಿಗ್ರೀಸ್(ಪೈ()) ಅಂದರೆ 180. ನನ್ನ ತೋಟದ ಸೂತ್ರ =12*ಟ್ಯಾನ್(ರೇಡಿಯನ್ಸ್(ಎ2))+1.5 ಅಂತ ಇರಬೇಕಿತ್ತು. ಒಂದು ಶಬ್ದ, ಒಂದು ಜೊತೆ ಆವರಣ, ಅಷ್ಟೇ ವ್ಯತ್ಯಾಸ. ಕೋನದಿಂದ ಹೊರಟಾಗ ರೇಡಿಯನ್ಸ್ ಒಳಗೆ ಬರುತ್ತದೆ. ಕೋನವನ್ನೇ ಹುಡುಕುವಾಗ, ಉದಾಹರಣೆಗೆ ಹಂಚಿನ ಮಾಡಿನ ಇಳಿಜಾರು ಎಷ್ಟು ಅಂತ ನೋಡುವಾಗ, ಡಿಗ್ರೀಸ್ ಹೊರಗೆ ಬರುತ್ತದೆ: =ಡಿಗ್ರೀಸ್(ಎಟ್ಯಾನ್(ಏರು/ಅಗಲ)). ಎಟ್ಯಾನ್ ಅಂದರೆ ಟ್ಯಾನ್ ಬೆಲೆಯಿಂದ ಕೋನಕ್ಕೆ ಹಿಂದೆ ಹೋಗುವ ಸೂತ್ರ. ಪಟ್ಟಿಗಳಿಂದ ವರದಿ ಮಾಡುವ ಪವರ್ ಬಿಐ ಬಳಸುವವರಿಗೂ ಇದೇ ಹೆಸರಿನ ಸೂತ್ರಗಳಿವೆ. ಡೇಟಾಬೇಸ್‌ಗಳಲ್ಲೂ ಇವೆ, ಆದರೆ ಎಸ್‌ಕ್ಯೂಎಲ್ ಸರ್ವರಿನಲ್ಲಿ ಒಂದು ಹೊಂಡ ಉಂಟು. ಅಲ್ಲಿ ಪೂರ್ಣಾಂಕ ಕೊಟ್ಟರೆ ಉತ್ತರವೂ ಪೂರ್ಣಾಂಕ. ರೇಡಿಯನ್ಸ್(30) ಅಂತ ಕೇಳಿದರೆ 0 ಬರುತ್ತದೆ! 30.0 ಅಂತ ಕೇಳಿದರೆ 0.5236. ನಾನು ಇದರಲ್ಲಿ ಬಿದ್ದು ಎದ್ದವ.

ಪೈ ಬೆಲೆಗೆ 22/7 ಹಾಕಬೇಡಿ. ಪರೀಕ್ಷೆಗೆ ಸಾಕು. ಆದರೆ ಕಂಪ್ಯೂಟರಿನಲ್ಲಿ ಪೈ() ಅಂತ ಬರೆದರೆ 15 ಅಂಕಿ ಪುಕ್ಕಟೆ ಸಿಗುವಾಗ ಜಿಪುಣತನ ಯಾಕೆ? ಅಷ್ಟಾದರೂ ಅದು ಪೂರ್ತಿ ಪೈ ಅಲ್ಲ. ಹಾಗಾಗಿಯೇ ಸೈನ್(ಪೈ()) ಅಂತ ಕೇಳಿದರೆ ಸೊನ್ನೆ ಬರುವುದಿಲ್ಲ. ದಶಮಾಂಶ ಬಿಂದುವಿನ ಮುಂದೆ ಹದಿನೈದು ಸೊನ್ನೆ, ಆಮೇಲೆ 122. ಕೆಲವರು ಇದನ್ನು ನೋಡಿ ಶೀಟ್ ಹಾಳಾಗಿದೆ ಅಂದುಕೊಳ್ಳುತ್ತಾರೆ. ಹಾಳಾಗಿಲ್ಲ, ರೌಂಡ್ ಮಾಡಿ.

ಈಗ ಇಲ್ಲಿನವರೆಲ್ಲರಿಗೂ ಗೊತ್ತಿರುವ ಒಂದು ದೂರದ ಲೆಕ್ಕ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಎಷ್ಟು? ರಸ್ತೆಯ ದೂರ ಅಲ್ಲ, ಕಾಗೆ ಹಾರಿದರೆ. ಕಾಸರಗೋಡಿನ ಅಕ್ಷಾಂಶ 12.50, ರೇಖಾಂಶ 74.99. ತಿರುವನಂತಪುರದ್ದು 8.52 ಮತ್ತು 76.94. ಎರಡು ಅಕ್ಷಾಂಶಗಳ ಸೈನ್ ಗುಣಿಸಿ ಒಂದು ಕಡೆ ಇಡಿ. ಅವುಗಳ ಕೊಸೈನ್ ಗುಣಿಸಿ, ಅದಕ್ಕೆ ರೇಖಾಂಶಗಳ ವ್ಯತ್ಯಾಸದ ಕೊಸೈನನ್ನೂ ಗುಣಿಸಿ. ಎರಡನ್ನೂ ಕೂಡಿಸಿ ಎಕಾಸ್, ಅಂದರೆ ಆ ಕೊಸೈನ್ ಇರುವ ಕೋನ, ತೆಗೆಯಿರಿ. ಭೂಮಿಯ ತ್ರಿಜ್ಯ 6371 ಕಿಲೋಮೀಟರಿನಿಂದ ಗುಣಿಸಿ. ರೇಡಿಯನ್ಸ್ ಹಾಕಿ ಮಾಡಿದರೆ 491 ಕಿಲೋಮೀಟರ್. ಮರೆತು ಡಿಗ್ರಿಯನ್ನೇ ಹಾಕಿದರೆ ಹೆಚ್ಚುಕಡಿಮೆ 8,880.

ನಗಬೇಡಿ. ರಾಜಧಾನಿಗೆ ಒಂದು ಕಾಗದ ಹಿಡಿದುಕೊಂಡು ಹೋಗಿ ಬಂದವರನ್ನು ಕೇಳಿದರೆ 8,880 ಸರಿ ಅನ್ನಬಹುದು. ಅಂದ ಹಾಗೆ ಅದೇ ಸೂತ್ರದಲ್ಲಿ ಬೆಂಗಳೂರು 287.

ಇಲ್ಲೊಂದು ಸೂಕ್ಷ್ಮ ನೋಡಿ. ಎಕಾಸ್ ಕೊಟ್ಟ ಉತ್ತರವನ್ನು ನಾವು ಡಿಗ್ರಿ ಮಾಡಲಿಲ್ಲ, ನೇರ 6371ರಿಂದ ಗುಣಿಸಿದೆವು. ಯಾಕೆ? ಅದು ದನದ ಲೆಕ್ಕವೇ. ಹಗ್ಗದ ಉದ್ದಕ್ಕೆ ರೇಡಿಯನ್ ಗುಣಿಸಿದರೆ ಅಂಚಿನಲ್ಲಿ ನಡೆದ ದೂರ. ಇಲ್ಲಿ ಹಗ್ಗ 6371 ಕಿಲೋಮೀಟರಿನದ್ದು, ಗೂಟ ಭೂಮಿಯ ನಡುವಿನಲ್ಲಿದೆ. ಎಷ್ಟೋ ಜನ ಈ ಹಂತದಲ್ಲಿ ಡಿಗ್ರೀಸ್ ಸೇರಿಸಿ ಕೆಡಿಸುತ್ತಾರೆ. ಸೇರಿಸಿದರೆ ತಿರುವನಂತಪುರ 28,000 ಕಿಲೋಮೀಟರ್ ದಾಟುತ್ತದೆ. ಭೂಮಿಯ ಅರ್ಧ ಸುತ್ತೇ 20,015. ಅದಕ್ಕಿಂತ ದೂರದ ಊರು ಈ ಭೂಮಿಯ ಮೇಲೆ ಇರುವುದೇ ಸಾಧ್ಯವಿಲ್ಲ.

ಇನ್ನೊಂದು ತಪ್ಪು ರೇಡಿಯನ್ನಿಗಿಂತ ಮೊದಲೇ ಆಗುತ್ತದೆ. ಕಾಸರಗೋಡಿನ ಅಕ್ಷಾಂಶ ಪುಸ್ತಕದಲ್ಲಿ 12 ಡಿಗ್ರಿ 30 ಮಿನಿಟು ಅಂತ ಇರುತ್ತದೆ. ಟೈಪ್ ಮಾಡುವವರು 12.30 ಅಂತ ಹೊಡೆದುಬಿಡುತ್ತಾರೆ. 30 ಮಿನಿಟು ಅಂದರೆ ಅರ್ಧ ಡಿಗ್ರಿ, 12.50 ಆಗಬೇಕು. 0.2 ಡಿಗ್ರಿಯ ವ್ಯತ್ಯಾಸ ಅಂದರೆ 22 ಕಿಲೋಮೀಟರ್. ನಮ್ಮ ಪೇಟೆ ತೆಂಕಕ್ಕೆ ಸರಿದು ಹೊಸದುರ್ಗದ ನೇರಕ್ಕೆ ಹೋಗುತ್ತದೆ. ಅಲ್ಲಿ ಕರಾವಳಿ ಮೂಡಕ್ಕೆ ವಾಲಿರುವ ಕಾರಣ ಸಮುದ್ರದಲ್ಲಿ ಮುಳುಗುತ್ತದೆ. ಹಾಗಾಗಿ =12+30/60 ಅಂತಲೇ ಬರೆಯಿರಿ, ವಿಕಲೆ, ಅಂದರೆ ಸೆಕೆಂಡು, ಇದ್ದರೆ ಅದನ್ನು 3600ರಿಂದ ಭಾಗಿಸಿ ಕೂಡಿಸಿ. ಗಡಿಯಾರದ ಹಾಗೆ 12:30 ಅಂತ ಹೊಡೆದು 24ರಿಂದ ಗುಣಿಸಿದರೂ 12.5 ಬರುತ್ತದೆ. ಶೀಟಿಗೆ ಅದು ಮಧ್ಯಾಹ್ನ ಹನ್ನೆರಡೂವರೆ ಅಷ್ಟೇ. ಗಂಟೆಗೂ ಅಂಶಕ್ಕೂ ಅರವತ್ತರ ಲೆಕ್ಕವೇ ಆದ ಕಾರಣ ಆಟ ನಡೆಯುತ್ತದೆ.

ಹಾಗಾದರೆ ತಪ್ಪದ ಹಾಗೆ ಏನು ಮಾಡುವುದು? ನಾವು ಗಡಿಯಲ್ಲಿರುವವರು, ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮನೆಯಲ್ಲಿ ಒಂದು ಮಾತು, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಮಾತು ಬದಲಿಸುವುದು ಹೊಸ್ತಿಲು ದಾಟುವಾಗ, ಒಂದು ಸಲ. ಅರ್ಧ ಅರ್ಜಿ ಈ ಭಾಷೆಯಲ್ಲಿ, ಅರ್ಧ ಆ ಭಾಷೆಯಲ್ಲಿ ಬರೆಯುವುದಿಲ್ಲ. ಶೀಟಿನಲ್ಲೂ ಹಾಗೆಯೇ. ಅಳೆದು ತಂದ ಡಿಗ್ರಿ ಒಂದು ಕಾಲಮ್ಮಿನಲ್ಲಿ ಇದ್ದ ಹಾಗೆ ಇರಲಿ. ಪಕ್ಕದ ಕಾಲಮ್ಮಿನಲ್ಲಿ ಅದರ ರೇಡಿಯನ್. ಮುಂದಿನ ಲೆಕ್ಕವೆಲ್ಲ ಆ ಎರಡನೇ ಕಾಲಮ್ಮಿನಿಂದ ಮಾತ್ರ. ಕಾಲಮ್ಮಿನ ತಲೆಯಲ್ಲಿ ಬರೇ "ಕೋನ" ಅಂತ ಬರೆಯಬೇಡಿ. "ಕೋನ, ಡಿಗ್ರಿ" ಅಂತ ಬರೆಯಿರಿ, "ಕೋನ, ರೇಡಿಯನ್" ಅಂತ ಬರೆಯಿರಿ. ನನ್ನ ಶೀಟಿನಲ್ಲಿ ಬರೇ "ಕೋನ" ಅಂತ ಇತ್ತು. ಈ ಹಾಳು ಅಭ್ಯಾಸ ನನಗೆ ಇಪ್ಪತ್ತು ವರ್ಷದ್ದು.

ಬೇರೆಯವರು ಕೊಟ್ಟ ಪಟ್ಟಿಯಾದರೆ ಮೊದಲು ಅತಿ ದೊಡ್ಡ ಸಂಖ್ಯೆ ನೋಡಿ. ಒಂದು ಸುತ್ತಿನೊಳಗಿನ ಕೋನಗಳಾದರೆ ರೇಡಿಯನ್ 6.28 ದಾಟುವುದಿಲ್ಲ. 40, 50, 270 ಕಂಡರೆ ಡಿಗ್ರಿ. ಎಲ್ಲವೂ ಆರರೊಳಗೆ ಇದ್ದರೆ? ಆಗ ಕೊಟ್ಟವರನ್ನೇ ಕೇಳಬೇಕು, ಬೇರೆ ದಾರಿಯಿಲ್ಲ. ರಸ್ತೆಯ ಏರು 4 ಡಿಗ್ರಿ, 5 ಡಿಗ್ರಿ ಇರಬಹುದು, ಸಂಖ್ಯೆ ನೋಡಿದರೆ ರೇಡಿಯನ್ನಿನ ಹಾಗೆಯೇ ಕಾಣುತ್ತದೆ. ಮತ್ತೆ, ಉತ್ತರ ಗೊತ್ತಿರುವ ಒಂದು ಸಾಲನ್ನು ಬೇಕೆಂದೇ ಸೇರಿಸಿ. ನಾನು ಈಗ ಯಾವ ಶೀಟಿಗಾದರೂ ಮೇಲೆ 45ರ ಒಂದು ಸಾಲು ಹಾಕುತ್ತೇನೆ. ಅಲ್ಲಿ ಟ್ಯಾನ್ 1 ಬರದೆ 1.62 ಬಂದರೆ ಕೈ ತೆಗೆದು ಎದ್ದು ಚಾ ಕುಡಿದು ಬರುತ್ತೇನೆ.

ಆಮೇಲೆ ಪ್ರಶ್ನೆಗಳು ಬಂದವು. ದಿಕ್ಕು ಕಂಡುಹಿಡಿಯುವ ಎಟ್ಯಾನ್2 ಬಗ್ಗೆ ಒಬ್ಬ ಅಧ್ಯಾಪಕರು ಕೇಳಿದರು. ಶೀಟುಗಳಲ್ಲಿ ಅದಕ್ಕೆ ಮೊದಲು ಅಡ್ಡದ ಅಳತೆ, ಆಮೇಲೆ ಮೇಲಿನದ್ದು ಕೊಡಬೇಕು. ಪೈಥಾನಿನಂಥ ಭಾಷೆಗಳಲ್ಲಿ ಸರಿಯಾಗಿ ಉಲ್ಟಾ. ಅಲ್ಲಿಂದ ಇಲ್ಲಿಗೆ ಸೂತ್ರ ನಕಲು ಮಾಡುವಾಗ ಜಾಗ್ರತೆ ಅಂತ ಹೇಳಿದೆ. ಒಬ್ಬಳು ಹುಡುಗಿ, "ಸಾರ್, ಕ್ಯಾಲ್ಕುಲೇಟರಿನಲ್ಲಿ ಗ್ರಾಡ್ ಅಂತ ಮೂರನೆಯದ್ದೂ ಇದೆಯಲ್ಲ?" ಅಂದಳು. ಅದು ಪೂರ್ತಿ ಸುತ್ತಿಗೆ 400 ಭಾಗ ಮಾಡುವ ಅಳತೆ. ಲಂಬಕೋನಕ್ಕೆ 100. ನಮ್ಮ ಕೆಲಸಕ್ಕೆ ಬೇಡ, ಕೈ ತಾಗಿ ಆ ಮೋಡಿಗೆ ಹೋದರೆ ವಾಪಸು ತನ್ನಿ ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಹಿರಿಯ ಕೃಷಿಕರು ಎದ್ದು ನಿಂತರು. "ಅದೆಲ್ಲ ಇರಲಿ ಮಾರಾಯರೇ, ನಿಮ್ಮ ಭಾವ ಎಷ್ಟು ಅಡಿಯ ದೋಟಿ ತೆಗೆದುಕೊಂಡರು?"

60 ಅಡಿಯದ್ದು. ಸೂತ್ರ ಸರಿ ಮಾಡಿ, ಅಳಿಸಿದ ಸಾಲು ವಾಪಸು ಹಾಕಿ, ಹಿಡಿಯುವವರ ಕೈಯ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಂಡು 50 ಸಾಕು ಅಂತ ನಾನು ಹೇಳಿದ್ದೆ. ಭಾವ ಕಾಗದ ನೋಡಿದರು, ತೋಟ ನೋಡಿದರು. "ಮರ ಇನ್ನೂ ಬೆಳೆಯುತ್ತದೆ ಭಾವಾ, ದೋಟಿ ಬೆಳೆಯುತ್ತದಾ?" ಅಂದರು. ಅದಕ್ಕೆ ನಾನು ಕಾಲಮ್ಮೇ ಇಟ್ಟಿರಲಿಲ್ಲ.